ಅದು ಶ್ರದ್ಧೆಯಲ್ಲ, ಗೀಳು

“ನಂಗೂ ಸ್ವಲ್ಪ ಓಸಿಡಿ ಉಂಟು ಮಾರಾಯ್ತಿ, ಪುಸ್ತಕ ಸಾಲಾಗಿ ಇಡದಿದ್ರೆ ಆಗುದಿಲ್ಲ” ಎಂದು ಹಾಸ್ಟೆಲಿನಲ್ಲಿ ಯಾರಾದರೂ ನಕ್ಕರೆ ನನಗೀಗ ನಗು ಬರುವುದಿಲ್ಲ. ಪುಸ್ತಕ ಸಾಲಾಗಿಟ್ಟರೆ ಅವರಿಗೆ ಖುಷಿ. ಗೀಳಿನಲ್ಲಿ ಖುಷಿ ಎಂಬುದೇ ಇಲ್ಲ. ಬೇಡದ ಯೋಚನೆಯೊಂದು ನುಗ್ಗುತ್ತದೆ, ಅದರ ಭಯ ತಣಿಸಲು ಏನೋ ಮಾಡುತ್ತೇವೆ, ಎರಡು ನಿಮಿಷ ಸಮಾಧಾನ, ಮತ್ತೆ ಅದೇ ಯೋಚನೆ.

ನನ್ನದು ಗ್ಯಾಸ್. ಬಜಗೋಳಿಯಲ್ಲಿ ಕಾರ್ಕಳದ ಬಸ್ಸು ಹತ್ತುವ ಮೊದಲು ಮೂರು ಸಲ ಮನೆಗೆ ಮರಳಿ ರೆಗ್ಯುಲೇಟರ್ ಮುಟ್ಟಿ ನೋಡುತ್ತಿದ್ದೆ. ಬಸ್ಸಲ್ಲಿ ಕೂತ ಮೇಲೆ ಅಮ್ಮನಿಗೆ ಫೋನು. “ಆಫ್ ಉಂಟು, ನೀನು ಹೋಗು” ಎನ್ನುತ್ತಿದ್ದರು, ಪಾಪ, ದಿನಕ್ಕೆ ಹತ್ತು ಸಲ. ಆಮೇಲೆ ಅದು ಪಿಎಚ್‌ಡಿ ಪ್ರಬಂಧದ ಅಡಿಟಿಪ್ಪಣಿಗಳಿಗೂ ಹಬ್ಬಿತು. ಒಂದೇ ಪುಟಸಂಖ್ಯೆಯನ್ನು ಇಪ್ಪತ್ತು ಸಲ ತಾಳೆ ನೋಡುತ್ತಾ, ಒಂದು ಅಧ್ಯಾಯವನ್ನೂ ಒಪ್ಪಿಸಲಾಗದೆ ವರ್ಷ ಕಳೆಯಿತು. ಕಂಡವರೆಲ್ಲ ಹೇಳಿದ್ದು: ಎಂಥ ಶ್ರದ್ಧೆ!

ನನ್ನ ಜಗಳ ಇರುವುದು ಇಲ್ಲೇ. ಗಂಟೆಗಟ್ಟಲೆ ಕೈ ತೊಳೆಯುವ ಅಜ್ಜಿಗೆ ಮಡಿ ಜಾಸ್ತಿ ಎನ್ನುತ್ತೇವೆ. ದೈವದೆದುರು ಕೈಮುಗಿದಾಗಲೇ ಕೆಟ್ಟ ಶಬ್ದ ಮನಸ್ಸಿಗೆ ಬಂದು ಬೆವರುವ ಹುಡುಗನಿಂದ ತಪ್ಪುಕಾಣಿಕೆ ಹಾಕಿಸುತ್ತೇವೆ. ಕೊನೆಗೆ ತಪ್ಪುಕಾಣಿಕೆ ಹಾಕುವುದೇ ಅವನ ಗೀಳಾಗುತ್ತದೆ.

ಮದ್ದು ಉಂಟು. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲೇ ಇಬ್ಬರು ರೋಗಿಗಳ ಚಿಕಿತ್ಸೆಯ ವಿವರ ಪ್ರಕಟಿಸಿದ್ದರು: ಭಯವಿರುವ ಕಡೆಗೇ ಹೋಗುವುದು, ಆದರೆ ಭಯ ತಣಿಸುವ ಕೆಲಸ ಮಾಡದಿರುವುದು. ನನ್ನ ಥೆರಪಿಸ್ಟ್ ಮಾಡಿಸಿದ್ದೂ ಇದನ್ನೇ. ಗ್ಯಾಸ್ ಒಂದೇ ಸಲ ನೋಡು, ಬಸ್ಸು ಹತ್ತು, ಫೋನು ಮಾಡಬೇಡ, ಭಯಕ್ಕೆ ನೂರರಲ್ಲಿ ಅಂಕ ಕೊಡು. ಮೊದಲ ದಿನ ತೊಂಬತ್ತು ಕೊಟ್ಟು, ಕಾರ್ಕಳ ಬಸ್‌ಸ್ಟ್ಯಾಂಡಲ್ಲಿ ನಿಂತು ಅತ್ತೆ. ವಾರಗಳು ಕಳೆದಂತೆ ಅಂಕ ಇಳಿಯಿತು. ಅಮ್ಮನೂ “ಆಫ್ ಉಂಟು” ಎನ್ನಬಾರದಿತ್ತು, ಏಕೆಂದರೆ ಆ ಸಮಾಧಾನವೇ ಗೀಳಿಗೆ ಊಟ. ಚಿಕಿತ್ಸೆ ನನಗಿಂತ ಅವರಿಗೇ ಕಷ್ಟವಾಯಿತೇನೋ.

ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಎಸ್‌ಎಸ್‌ಆರ್‌ಐ ಮಾತ್ರೆಗಳು ಗೀಳಿಗೆ ಕೆಲಸ ಮಾಡುತ್ತವೆ, ನಾನೂ ನುಂಗಿದ್ದೇನೆ. ಸಿಟ್ಟಿರುವುದು ಐದು ನಿಮಿಷದಲ್ಲಿ ಚೀಟಿ ಬರೆದು “ಜಾಸ್ತಿ ಯೋಚನೆ ಮಾಡಬೇಡಿ” ಎಂದು ಕಳಿಸುವುದರ ಮೇಲೆ. ಬೇಡದ ಯೋಚನೆಯನ್ನು ಓಡಿಸಲು ಒದ್ದಾಡುವುದೇ ಅಲ್ಲವೇ ಈ ರೋಗ?

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ನಮ್ಮ ಬಳ್ಳಾರಿಯ ಪ್ರಯೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಕ್ಲಿನಿಕ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲ ಸರಿ. ಆದರೆ ಈ ಥೆರಪಿ ಒಂದು ಫೋನಿಗೆ ಮುಗಿಯುವಂಥದ್ದಲ್ಲ, ತಿಂಗಳುಗಟ್ಟಲೆ ವಾರವಾರ ಕೂರಬೇಕು. ಅದಕ್ಕಾಗಿ ನಾನು ಮಣಿಪಾಲಕ್ಕೆ ಹೋಗಿಬರುತ್ತಿದ್ದೆ, ಪ್ರತಿ ಸಲ ಅರ್ಧ ದಿನ. ಫೆಲೋಶಿಪ್ ಇತ್ತು, ಆಯಿತು. ನಮ್ಮ ನೆರೆಮನೆಯಾಕೆ ಬೀಡಿ ಕಟ್ಟುವವಳು. ಕಟ್ಟಿದ ಕಟ್ಟುಗಳನ್ನು ನಡುರಾತ್ರಿ ಎದ್ದು ಬಿಚ್ಚಿ ಮತ್ತೆ ಎಣಿಸುತ್ತಾಳೆ. ಲೆಕ್ಕದಲ್ಲಿ ಬಹಳ ಪ್ರಾಮಾಣಿಕಳು ಎಂದು ಊರಲ್ಲಿ ಹೆಸರು. ಅವಳಿಗೆ ಮಣಿಪಾಲ ಎಂದರೆ ಒಂದು ದಿನದ ದುಡಿಮೆ ಹೋದಂತೆ. ಮಾತ್ರೆ ಕೊಡುವ ತಾಲೂಕು ಆಸ್ಪತ್ರೆಯಲ್ಲೇ, ಅದೇ ಕಟ್ಟಡದಲ್ಲಿ, ಈ ಥೆರಪಿ ಬಲ್ಲವರೊಬ್ಬರು ವಾರಕ್ಕೊಂದು ದಿನವಾದರೂ ಅವಳಿಗಾಗಿ ಕೂರಬೇಕು.