'ವಿಶಾಖ ಉಕ್ಕು' ಉಳಿಸಿದ ಘೋಷಣೆ ಗುತ್ತಿಗೆ ಕಾರ್ಮಿಕರ ಕೈಹಿಡಿಯಲಿಲ್ಲವೇಕೆ?

ವಿಶಾಖಪಟ್ಟಣ ಉಕ್ಕು ಕಾರ್ಖಾನೆಯನ್ನು ಪೂರ್ತಿಯಾಗಿ ಖಾಸಗಿಗೆ ಮಾರಲು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ತಾತ್ವಿಕ ಒಪ್ಪಿಗೆ ನೀಡಿತ್ತು. ಸರಿಯಾಗಿ ನಾಲ್ಕು ವರ್ಷಗಳ ಬಳಿಕ, 2025ರ ಜನವರಿಯಲ್ಲಿ, ಅದೇ ಸರ್ಕಾರ 11,440 ಕೋಟಿ ರೂಪಾಯಿಯ ಪುನಶ್ಚೇತನ ಪ್ಯಾಕೇಜ್ ಘೋಷಿಸಿತು. ಎನ್‌ಡಿಎಗೆ ಟಿಡಿಪಿ ಬೆಂಬಲ ಬೇಕಾಯಿತು ಎಂಬುದು ಸುಲಭದ ಉತ್ತರ. ಸುಳ್ಳೇನಲ್ಲ. ಆದರೆ ಟಿಡಿಪಿಯೂ ಸೇರಿದಂತೆ ಆಂಧ್ರದ ಯಾವ ಪಕ್ಷವೂ ಮೀರಲಾಗದ ಒಂದು ಮಾತಿದೆ: 'ವಿಶಾಖ ಉಕ್ಕು, ಆಂಧ್ರುಲ ಹಕ್ಕು'. ಕನ್ನಡಿಗರಿಗೆ ಇದರ ಅನುವಾದ ಬೇಕಿಲ್ಲ.

ಈ ಘೋಷಣೆ ಹುಟ್ಟಿದಾಗ ಕಾರ್ಖಾನೆಯೇ ಇರಲಿಲ್ಲ. 1966ರಲ್ಲಿ ಟಿ. ಅಮೃತರಾವ್ ಉಪವಾಸ ಕೂತರು, ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಎಡಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟರು. ವಿಜಯವಾಡ ಆಗಲೇ ಆಂಧ್ರ ಕಮ್ಯುನಿಸ್ಟರ ಕೋಟೆ. ಪಕ್ಷ ಇಬ್ಭಾಗವಾಗುವ ಮುನ್ನ, 1961ರಲ್ಲಿ, ಅದರ ರಾಷ್ಟ್ರೀಯ ಮಹಾಧಿವೇಶನ ನಡೆದದ್ದೂ ಅಲ್ಲೇ. ಕೃಷ್ಣಾ ನದಿ ಮುಖಜಭೂಮಿಯ ರೈತರು, ಕೂಲಿಗಳ ನಡುವೆ ಬೆಳೆದ ಪಕ್ಷ ಇನ್ನೂ ಕಟ್ಟದ ಕಾರ್ಖಾನೆಗಾಗಿ ಶಾಸಕ ಸ್ಥಾನಗಳನ್ನು ಬಿಟ್ಟಿತ್ತು.

ಯುರೋಪಿನಲ್ಲಿ ನಡೆದದ್ದು ಇದರ ತಿರುವುಮುರುವು. ಇಂಗ್ಲೆಂಡಿನಲ್ಲಿ ಮೊದಲು ಗಿರಣಿ ಬಂತು, ಕಾರ್ಮಿಕ ವರ್ಗ ಬಂತು. ಮತದಾನದ ಹಕ್ಕು ಕೇಳಿದ ಚಾರ್ಟಿಸ್ಟ್ ಚಳವಳಿ ಶುರುವಾದದ್ದು ಆಮೇಲೆ, 1838ರಲ್ಲಿ. 1848ರಲ್ಲಿ ಪ್ಯಾರಿಸ್ ಕಾರ್ಮಿಕರು 'ದುಡಿಮೆಯ ಹಕ್ಕು' ಎಂದರು. ಸರ್ಕಾರ ತೆರೆದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಕೆಲವೇ ತಿಂಗಳಲ್ಲಿ ಮುಚ್ಚಲು ಹೊರಟಾಗ ದಂಗೆ ಎದ್ದಿತು, ಸೇನೆ ಅದನ್ನು ತುಳಿದು ಹಾಕಿತು. ಅಲ್ಲಿ ಹಕ್ಕು ಕೇಳಿದ್ದು ದುಡಿಯುವವರು. ಇಲ್ಲಿ ಕೇಳಿದ್ದು 'ಆಂಧ್ರರು'.

ಆ ಒಂದು ಪದದಲ್ಲೇ ಘೋಷಣೆಯ ಬಲವೂ ಇದೆ, ಮಿತಿಯೂ ಇದೆ. ಜಮೀನ್ದಾರ, ವಿದ್ಯಾರ್ಥಿ, ವ್ಯಾಪಾರಿ, ಕಮ್ಯುನಿಸ್ಟ್ ಎಲ್ಲರೂ ಅದರೊಳಗೆ ಹಿಡಿಸಿದರು. ಅದಕ್ಕೇ 2014ರಿಂದ ಸತತ ಮೂರು ಚುನಾವಣೆಗಳಲ್ಲಿ ಎಡಪಕ್ಷಗಳಿಗೆ ಆಂಧ್ರ ವಿಧಾನಸಭೆಯಲ್ಲಿ ಒಂದು ಸ್ಥಾನವೂ ಸಿಗದಿದ್ದರೂ ಅವರ ಬೇಡಿಕೆ ಬದುಕಿದೆ. ಆದರೆ 'ಆಂಧ್ರರು' ಎಂದರೆ ಯಾರ್‍ಯಾರು? ಕಾರ್ಖಾನೆಗೆ ಭೂಮಿ ಬಿಟ್ಟು ಪುನರ್ವಸತಿಯ 'ಆರ್ ಕಾರ್ಡ್' ಹಿಡಿದ ಎಷ್ಟೋ ಕುಟುಂಬಗಳು ಇನ್ನೂ ಕೆಲಸಕ್ಕೆ ಕಾದಿವೆ. ಪ್ಯಾಕೇಜ್ ಬಂದ ವರ್ಷವೇ ಗುತ್ತಿಗೆ ಕಾರ್ಮಿಕರನ್ನು ಕೈಬಿಡಲಾಯಿತು. ಮೇ ತಿಂಗಳಲ್ಲಿ ಅವರು ಮುಷ್ಕರ ಹೂಡಿದರು. 1966ರಂತೆ ರಾಜ್ಯವೇನೂ ಅವರ ಹಿಂದೆ ನಿಲ್ಲಲಿಲ್ಲ. ಕಾರ್ಖಾನೆ ಉಳಿದರೆ ಸಾಕು, ಒಳಗೆ ಯಾರು ಉಳಿದರೆಂದು ಕೇಳಲು ಆ ಘೋಷಣೆಯಲ್ಲಿ ಜಾಗವಿಲ್ಲ. ಸ್ವಂತ ಅದಿರು ಗಣಿ ಕೊಡಿ, ಸೈಲ್ ಜತೆ ವಿಲೀನ ಮಾಡಿ ಎಂಬ ಕಾರ್ಮಿಕ ಸಂಘಟನೆಗಳ ಬೇಡಿಕೆಗೂ ಪ್ಯಾಕೇಜಿನಲ್ಲಿ ಉತ್ತರವಿಲ್ಲ.

ನಮ್ಮ ಕಡೆ ನೋಡಿ. 1970ರಲ್ಲಿ ಇಂದಿರಾ ಗಾಂಧಿ ವಿಶಾಖಪಟ್ಟಣ, ಸೇಲಂ ಜತೆಗೇ ಹೊಸಪೇಟೆಗೂ ಉಕ್ಕು ಕಾರ್ಖಾನೆ ಘೋಷಿಸಿದ್ದರು. ಮರುವರ್ಷ ಶಂಕುಸ್ಥಾಪನೆಯೂ ಆಯಿತು. ಕಾರ್ಖಾನೆ ಮಾತ್ರ ಬರಲಿಲ್ಲ. ಕೊನೆಗೆ ತೋರಣಗಲ್ಲಿನಲ್ಲಿ ಎದ್ದು ನಿಂತದ್ದು ಜಿಂದಾಲ್. 1923ರಲ್ಲೇ ಕಬ್ಬಿಣ ಕೊಟ್ಟ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚಲು ಸೈಲ್ 2023ರಲ್ಲಿ ಹೊರಟಾಗ ಕಾರ್ಮಿಕರು ಧರಣಿ ಕೂತರು, ಆದರೆ ಅದು ರಾಜ್ಯದ ಕೂಗಾಗಲಿಲ್ಲ. ವಿಶಾಖದ ಪ್ಯಾಕೇಜ್ ಪ್ರಕಟಿಸಿದ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಅವರ ಮುಂದೆ ಭದ್ರಾವತಿಯ ಕಡತವೂ ಇದೆ.