ಅಂಕಿತವಿಲ್ಲದವರ ಹಾಡು

ಜನಪದ ಗೀತೆಗೆ ಕರ್ತೃವಿಲ್ಲವೆಂಬ ಮಾತು ನಮ್ಮ ವಿದ್ವಾಂಸರಲ್ಲಿ ವೇದವಾಕ್ಯವಾಗಿಹೋಗಿದೆ. ನನಗದು ಒಪ್ಪಿಗೆಯಿಲ್ಲ.

ಬಸವಣ್ಣನವರ ವಚನಕ್ಕೆ ಅಂಕಿತವುಂಟು, ಪುರಂದರದಾಸರ ಪದಕ್ಕೂ ಉಂಟು. ಶಿಶುನಾಳ ಷರೀಫರ (1819–1889) ಪದಗಳೂ ಅಂಕಿತದ ಬಲದಿಂದ ಅವರ ಹೆಸರಿನಲ್ಲೇ ಉಳಿದವು. ನಮ್ಮ ಚಿತ್ರದುರ್ಗ ಸೀಮೆಯ ಗೊಲ್ಲರಹಟ್ಟಿಯ ಹೆಂಗಸು ತನ್ನ ಹಾಡಿಗೆ ಮುದ್ರೆ ಒತ್ತಲಿಲ್ಲ. ಅಷ್ಟಕ್ಕೇ ಆಕೆ ಅನಾಮಿಕಳೇ?

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನೇ ನೋಡಿ. ಅಕ್ಷರ ಕಲಿತವರಲ್ಲ, ಕಾಡುಗೊಲ್ಲರ ಸಾವಿರಾರು ಪದಗಳು ಅವರ ನಾಲಗೆಯ ಮೇಲಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಟ್ಟಿಗಳಲ್ಲಿ ಹಾಡಿದವರೆಲ್ಲ ಸಿರಿಯಜ್ಜಿಯಷ್ಟು ಅದೃಷ್ಟವಂತರಲ್ಲ.

'ಹಾಡು ಅವರದಲ್ಲ, ಅವರ ಅಜ್ಜಿಯರದು' ಎನ್ನುವವರುಂಟು. ಪಂಪ ವ್ಯಾಸರ ಕಥೆಯನ್ನೇ ಹೇಳಿದ. ಅವನನ್ನು ಸಂಗ್ರಾಹಕನೆಂದು ಕರೆಯುವ ಧೈರ್ಯ ಯಾರಿಗಿದೆ? ಕೇಳಿದ್ದರಲ್ಲಿ ಆಯುವುದು, ಬಿಡುವುದು, ಹೊಸ ಸಾಲು ಹೆಣೆಯುವುದು, ಇದೇ ಕವಿಕರ್ಮ. ಲೇಖನಿ ಹಿಡಿದವನು ಮಾಡಿದರೆ ಕಾವ್ಯ, ರಾಗಿಕಲ್ಲು ಹಿಡಿದವಳು ಮಾಡಿದರೆ ಬರಿಯ ನೆನಪಿನ ಶಕ್ತಿ, ಇದೆಂಥ ನ್ಯಾಯ!

1957ರ ಕೃತಿಸ್ವಾಮ್ಯ ಕಾಯಿದೆ ಕೂಡ 1994ರ ತಿದ್ದುಪಡಿಯಲ್ಲಿ ಹಾಡುವವರಿಗೆ ಹಕ್ಕುಂಟೆಂದು ಒಪ್ಪಿತು. ಕಾನೂನಿಗೆ ಬಂದ ಬುದ್ಧಿ ಸಾಹಿತ್ಯಕ್ಕೆ ಬರಬಾರದೇ? ಹಾಡಿಕೊಟ್ಟವರ ಹೆಸರು, ಹಟ್ಟಿಯ ಹೆಸರು ಪ್ರತಿ ಹಾಡಿನ ಕೆಳಗೂ ಅಚ್ಚಾಗಲಿ. ಗೌರವಧನದಲ್ಲಿ ಅವರಿಗೂ ಪಾಲಿರಲಿ. ಇದು ದಾನವಲ್ಲ, ಸಾಲ ತೀರಿಸುವುದು.