ಆಟ ಮುಗಿದ ಮೇಲೆ ಕೂಟ

ಈ ವಾರ ಎರಡು ಆಟ ಮುಗಿಸಿದೆ, ಮೂವರು ಮನುಷ್ಯರನ್ನು ಹುಟ್ಟಿಸಿದೆ. ನಮ್ಮ ಕರಾವಳಿಯಲ್ಲಿ ಆಟವೆಂದರೆ ಯಕ್ಷಗಾನ. ಹಾಗಾಗಿ ಆಟ ಎಂದ ಕೂಡಲೇ 'ಯಾವ ಮೇಳದ್ದು? ಯಾವ ಪ್ರಸಂಗ?' ಎಂದು ನೀವು ಕೇಳುವುದು ಸಹಜ. ಇದು ಆ ಆಟವಲ್ಲ ಮಾರಾಯ್ರೆ, ಕಂಪ್ಯೂಟರಿನ ಆಟ. ತಿರುಗಾಟದ ಮೇಳಗಳು ಪತ್ತನಾಜೆಗೇ ಗೆಜ್ಜೆ ಬಿಚ್ಚಿವೆ. ಹೊರಗೆ ಆಟಿಯ ಮಳೆ. ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಕೊಡೆ ಇದ್ದೂ ಮೊಣಕಾಲಿನ ತನಕ ಒದ್ದೆ. ಇಂಥ ಸಂಜೆಗಳಲ್ಲಿ ಹಿಂದಿನವರು ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂರುತ್ತೇನೆ. ವ್ಯತ್ಯಾಸ ಇಷ್ಟೇ.

ಮೊದಲು ಮುಗಿದದ್ದು 'ಪ್ರಿನ್ಸ್ ಆಫ್ ಪರ್ಷಿಯಾ'. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ ರಚಿಸಿದ ಈ ಆಟ 1989ರಲ್ಲಿ ಹೊರಬಂತು. ತನ್ನ ತಮ್ಮ ಓಡುವುದನ್ನೂ ನೆಗೆಯುವುದನ್ನೂ ವಿಡಿಯೋದಲ್ಲಿ ಹಿಡಿದು, ಆ ಚಲನೆಯನ್ನು ಒಂದೊಂದೇ ಚಿತ್ರವಾಗಿ ತೆರೆಗಿಳಿಸಿದವನು ಆತ. ರಾಜಕುಮಾರ ಹಾರಿ ಗೋಡೆಯ ಅಂಚು ಹಿಡಿದಾಗ ನಮ್ಮ ಬೆರಳೇ ನೋಯುವುದು ಅದಕ್ಕೇ ಇರಬೇಕು. ಹನ್ನೆರಡು ಹಂತ, 60 ನಿಮಿಷ. ಸತ್ತರೆ ಆ ಹಂತದ ಬುಡದಿಂದ ಮತ್ತೆ ಹೊರಡಬಹುದು, ಆದರೆ ಕಳೆದ ನಿಮಿಷ ಹಿಂದೆ ಬರುವುದಿಲ್ಲ. ನಡುವೆ ಒಂದು ಕನ್ನಡಿ ಉಂಟು. ಅದನ್ನು ಭೇದಿಸಿ ಹಾರಿದಾಗ ಅವನದೇ ನೆರಳು ಹೊರಬಿದ್ದು ಓಡಿಹೋಗುತ್ತದೆ, ಕೊನೆಯ ಹಂತದಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ನಮಗೂ ಬೀಳುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ನೇರ ಮುಂದೆ ಹೋದರೆ ಇಬ್ಬರೂ ಒಂದಾಗುತ್ತಾರೆ. 'ಅದೆಲ್ಲ ಮಕ್ಕಳಾಟಿಕೆ' ಎನ್ನುವ ಹಿರಿಯರು ಈ ಜಾಗವನ್ನೊಮ್ಮೆ ನೋಡಬೇಕು. ಬುಧವಾರ ರಾತ್ರಿ, ಕರೆಂಟು ಹೋಗುವ ಸ್ವಲ್ಪ ಮೊದಲು, ನಾಲ್ಕು ನಿಮಿಷ ಉಳಿದಿರುವಾಗ ರಾಜಕುಮಾರಿಯ ಕೋಣೆ ತಲುಪಿದೆ.

ಎರಡನೆಯದು ಎಲ್ಲರಿಗೂ ಗೊತ್ತಿರುವ ಮಾರಿಯೋ. ಜಪಾನಿನ ನಿಂಟೆಂಡೊ ಕಂಪೆನಿ 1985ರಲ್ಲಿ ತಂದ ಆಟ. 1990ರ ದಶಕದಲ್ಲಿ ಟಿವಿಗೆ ಜೋಡಿಸುವ ಪೆಟ್ಟಿಗೆ ಇದ್ದ ಮನೆಗಳಲ್ಲಿ ಮಕ್ಕಳ ಕೂಗು ಕೇಳಿಸುತ್ತಿದ್ದುದು ಇದರಿಂದಲೇ. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳೆಂದು ಬರೆದಿರುತ್ತಿತ್ತು. ಒಳಗಿದ್ದುದು ಕೆಲವೇ, ಅವೇ ಮತ್ತೆ ಮತ್ತೆ. ಮಾರಿಯೋನದು ಎಂಟು ಲೋಕ, ಒಟ್ಟು 32 ಹಂತ. ಎಲ್ಲ ದಾಟಿ ರಾಜಕುಮಾರಿಯನ್ನು ಬಿಡಿಸಿದರೆ ಆಕೆ ಧನ್ಯವಾದ ಹೇಳಿ, ಇನ್ನೂ ಕಠಿಣವಾದ ಹೊಸ ಸುತ್ತೊಂದನ್ನು ಕೈಗಿಡುತ್ತಾಳೆ. ಶುಕ್ರವಾರ ಅದನ್ನು ನಯವಾಗಿ ನಿರಾಕರಿಸಿ ಎದ್ದೆ.

ಮುಗಿಸುವುದರಲ್ಲಿ ಒಂದು ಸುಖವಿದೆ. ಮೇಲ್ಸೇತುವೆಗಾಗಿ ವರ್ಷಗಟ್ಟಲೆ ಧೂಳು ಕುಡಿದು, 2019ರಲ್ಲಿ ಅದರ ಮೇಲೆ ವಾಹನ ಓಡಿದ್ದನ್ನು ಕಂಡ ತೊಕ್ಕೊಟ್ಟಿನವರಿಗೆ 'ಮುಗಿಯಿತು' ಎಂಬ ಶಬ್ದದ ರುಚಿಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆಟ ಮುಗಿದ ಮರುದಿನ ಕೈ ಬರಿದು. ನನ್ನ ರಾಜಕುಮಾರನೂ ನಿಮ್ಮ ರಾಜಕುಮಾರನೂ ಒಬ್ಬನೇ. ಅವನನ್ನು ದಾಟಿಸಿದ್ದಷ್ಟೇ ನಾನು, ಅವನಿಗೆ ಮಾತು ಕೊಟ್ಟವನಲ್ಲ.

ಆ ಕೊರತೆಗೆ ಇನ್ನೊಂದು ಹವ್ಯಾಸ ಉಂಟು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ತಂದರು. ಇದಕ್ಕೆ ತೆರೆ ಬೇಡ. ಕಾಗದ, ಪೆನ್ಸಿಲು, ದಾಳ ಸಾಕು. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು ಸುತ್ತ ಕೂರುವುದು, ಒಬ್ಬ ಸನ್ನಿವೇಶ ಹೇಳುವುದು, ಉಳಿದವರು ತಮ್ಮ ಪಾತ್ರವಾಗಿ ಉತ್ತರಿಸುವುದು. ಪಾತ್ರಕ್ಕೆ ಆರು ಗುಣಗಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಮೂಲ ನಿಯಮದಂತೆ ಒಂದೊಂದಕ್ಕೂ ಮೂರು ದಾಳ ಉರುಳಿಸಿ ಕೂಡಬೇಕು. ಸರಾಸರಿ ಬರುವುದು ಹತ್ತೂವರೆ. ಹದಿನೆಂಟು ಬೀಳುವುದು 216ರಲ್ಲಿ ಒಮ್ಮೆ. ಅಂದರೆ ಹೆಚ್ಚಿನವರು ನಮ್ಮ ನಿಮ್ಮಂತೆ ಸಾಧಾರಣರೇ.

ಲೂಡೊ ಪೆಟ್ಟಿಗೆಯ ದಾಳಗಳನ್ನು ಒಟ್ಟು ಮಾಡಿ ಈ ವಾರ ಮೂವರನ್ನು ಬರೆದೆ. ಕಾಲ ಹದಿನಾರನೇ ಶತಮಾನ, ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರೊಡನೆ ಕಾದುತ್ತಿದ್ದ ದಿನಗಳು. ನೇತ್ರಾವತಿ ದಾಟಿಸುವ ಅಂಬಿಗ ಒಬ್ಬ. ರಾಣಿಯ ದಂಡಿಗೆ ಗಂಜಿ ಬೇಯಿಸುವವಳು ಒಬ್ಬಳು, ಬಲ ಆರು, ವಿವೇಕ ಹದಿನೇಳು. ಕರಿಮೆಣಸಿನ ವ್ಯಾಪಾರಿಯ ಲೆಕ್ಕ ಬರೆಯುವವ ಇನ್ನೊಬ್ಬ. ಬರೆದು ಫೈಲಿನಲ್ಲಿಟ್ಟೆ. ಆ ಫೈಲಿನಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ಹಿಂದೆ ಕೂಡಿ ಆಡುತ್ತಿದ್ದ ಗೆಳೆಯರಲ್ಲಿ ಒಬ್ಬ ದುಬೈಯಲ್ಲಿ, ಒಬ್ಬ ಬೆಂಗಳೂರಿನಲ್ಲಿ. ಮಾತಾಡಿಸುವವರಿಲ್ಲದೆ ಪಾತ್ರಗಳು ಕಾಗದದಲ್ಲೇ ಹಳದಿಯಾಗುತ್ತಿವೆ.

ಇದರ ಗುಟ್ಟು ನಮ್ಮವರಿಗೆ ಹೊಸದೇನೂ ಅಲ್ಲ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರ ಪದ್ಯ, ಅರ್ಥಧಾರಿಯ ಆಶುಮಾತು. ಅದೇ ತಾಳಮದ್ದಳೆ. ಅದನ್ನು ಕೂಟವೆಂದೇ ಕರೆಯುತ್ತೇವೆ. ವಾಲಿ ರಾಮನ ಬಾಣಕ್ಕೆ ಬೀಳುವುದು ಎಲ್ಲರಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಕೇಳಲು ಜನ ಸೇರುತ್ತಿದ್ದುದೇಕೆ? ಬಿದ್ದ ವಾಲಿ ಇವತ್ತು ರಾಮನನ್ನು ಏನೆಂದು ಕೇಳುತ್ತಾನೆ ಎಂಬ ಕುತೂಹಲದಿಂದ. ಆ ಪ್ರಶ್ನೆಗೆ ಹರಿತ ಬರುವುದು ಎದುರು ತಕ್ಕ ರಾಮನಿದ್ದಾಗ. ಒಬ್ಬನೇ ಕುಳಿತು ಅರ್ಥ ಹೇಳಿದರೆ ಅದು ಭಾಷಣವಾಗುತ್ತದೆ, ವಾಲಿಯಾಗುವುದಿಲ್ಲ.

ಭಾನುವಾರ ತಂಗಿ ಮಕ್ಕಳೊಂದಿಗೆ ಬಂದಳು. ಮಳೆಗೆ ಹೊರಗೆ ಹೋಗುವಂತಿಲ್ಲ, ಕರೆಂಟೂ ಇಲ್ಲ, ಮೊಬೈಲುಗಳ ಚಾರ್ಜೂ ಮುಗಿದಿತ್ತು. ಫೈಲು ತೆಗೆದೆ. ಸೊಸೆ ಅಂಬಿಗನನ್ನು ಆರಿಸಿಕೊಂಡಳು, ಅವಳ ತಮ್ಮ ಗಂಜಿ ಬೇಯಿಸುವವಳನ್ನು. ನಾನು ಭಾಗವತ. ರಾತ್ರಿ, ನೆರೆ ಬಂದ ಹೊಳೆ, ದಡದಲ್ಲಿ ಗಾಯಗೊಂಡ ಪೋರ್ಚುಗೀಸ್ ಸಿಪಾಯಿ, ದಾಟಿಸೆಂದು ಕೈ ಮುಗಿಯುತ್ತಿದ್ದಾನೆ ಎಂದೆ. ಅಂಬಿಗನ ಬಗ್ಗೆ ನಾನು ಬರೆದಿದ್ದುದು 'ಅಂಜುಬುರುಕ' ಎಂಬ ಒಂದೇ ಶಬ್ದ. ಓಡಿಹೋಗುತ್ತಾನೆಂದು ಎಣಿಸಿದ್ದೆ. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ದೋಣಿ ಹತ್ತಿಸುತ್ತೇನೆ ಮಾಮ' ಎಂದಳು.

'ಅವ ಹೆದರುವವ ಅಲ್ವಾ?'

'ಹೆದರುವವನೇ. ಬಿಟ್ಟು ಹೋದರೆ ನಾಳೆಯಿಂದ ಈ ದಡಕ್ಕೆ ಬರಲಿಕ್ಕೇ ಹೆದರಿಕೆಯಾದೀತು ಅವನಿಗೆ.'

'ನಮ್ಮವರನ್ನು ಕೊಂದವನಿಗೆ ದೋಣಿಯಾ?' ಎಂದು ಗಂಜಿಯವಳು ಎದ್ದು ನಿಂತಳು. ಅಂದರೆ ಹತ್ತನೆಯ ತರಗತಿಯ ಹುಡುಗ ಎದ್ದು ನಿಂತ. ಅಲ್ಲಿಂದ ಒಂದು ಗಂಟೆ ದಾಳ ಮುಟ್ಟಿದವರಿಲ್ಲ. ಧರ್ಮ, ಕೂಲಿ, ಸತ್ತವರ ಲೆಕ್ಕ ಎಲ್ಲ ಬಂತು. ಒಳಗಿನಿಂದ ತಂಗಿ, ಜಗಳವೋ ಎಂದು ಇಣುಕಿ ನೋಡಿ, ಚಾ ಇಟ್ಟು ಹೋದಳು. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ಹೊರಟಾಗ ದೋಣಿ ನಡುಹೊಳೆಯಲ್ಲೇ ಇತ್ತು. ಮುಂದಿನ ಭಾನುವಾರ ಬಂದೇ ಬರುತ್ತೇವೆಂದು ಹೇಳಿ ಹೋಗಿದ್ದಾರೆ.

ಲೆಕ್ಕ ಬರೆಯುವವನಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಬುದ್ಧಿ ಹದಿನಾಲ್ಕು, ವರ್ಚಸ್ಸು ಬರೀ ಏಳು, ಮೆಣಸಿನ ತೂಕದಲ್ಲಿ ಮಹಾ ಪ್ರಾಮಾಣಿಕ. ನಿಮ್ಮ ಮನೆಯಲ್ಲೂ ಆಟಿಯ ಮಳೆಗೆ ಬೇಸರ ಬಂದು ಕೂತ ಮೂವರಿದ್ದರೆ ಅವನನ್ನು ಎರವಲು ಕೊಡಲು ನನ್ನ ಅಭ್ಯಂತರವಿಲ್ಲ. ದಾಳ ಮಾತ್ರ ನಿಮ್ಮದೇ ತನ್ನಿ.